ಗಾಜಿನ ಪೆಟ್ಟಿಗೆಯ ಗಾಳಿ

ನನ್ನ ನಾದಿನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇದೆ. ಅದನ್ನು ಯಾರಾದರೂ ಕೊನೆಯ ಸಲ ಕೂಗಿದ್ದು ಶಾಲೆಯಲ್ಲಿ ಹಾಜರಿ ಕರೆಯುವಾಗ ಇರಬೇಕು. ಮನೆಗೂ ಬೀದಿಗೂ ಅವಳು ಯಾಕಮ್ಮ. ಕುದಿಯುವ ಮುಂಚೆ ನೀರು ಯಾಕೆ ಸದ್ದು ಮಾಡುತ್ತದೆ, ಹೊಸ ಚಪ್ಪಲಿ ಯಾಕೆ ಕಿರುಗುಟ್ಟುತ್ತದೆ, ಸುಳ್ಳು ಹೇಳುವವರು ಯಾಕೆ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಾರೆ ಎಂದು ಮಾತು ಬಂದಂದಿನಿಂದ ಕೇಳುತ್ತಲೇ ಬಂದವಳು. ಉತ್ತರ ಕೊಟ್ಟು ಕೊಟ್ಟು ಸುಸ್ತಾದ ಅವಳ ಅಪ್ಪನೇ ಆ ಅಡ್ಡಹೆಸರಿಟ್ಟರಂತೆ.

ಯಾಕಮ್ಮನಿಗೆ ಎರಡೂ ಕಣ್ಣು ಕಾಣುವುದಿಲ್ಲ. ಬೆಳಕು, ಕತ್ತಲೆ ಎಂಬ ವ್ಯತ್ಯಾಸವೂ ತಿಳಿಯದು. ನನ್ನ ಹೆಂಡತಿ ಅವಳ ಅವಳಿ. ಒಂದು ಗಳಿಗೆ ಮುಂಚೆ ಹುಟ್ಟಿದ್ದಕ್ಕೆ ಅಕ್ಕ ಅನ್ನಿಸಿಕೊಂಡವಳು. ನನ್ನ ಹೆಂಡತಿಯ ಕಣ್ಣು ಎಷ್ಟು ಚುರುಕೆಂದರೆ, ನಾನು ಬಾಗಿಲಲ್ಲಿ ನಿಂತಿರುವಾಗಲೇ ಅಂಗಿಯ ಮೇಲಿನ ಟೀ ಕಲೆ ಕಂಡುಹಿಡಿಯುತ್ತಾಳೆ. ಇಬ್ಬರದೂ ಒಂದೇ ಅಚ್ಚಿನ ಮುಖ. ಮದುವೆಯಾದ ಹೊಸದರಲ್ಲಿ ಯಾಕಮ್ಮ ನನ್ನನ್ನು ಕೇಳಿದ್ದಳು:

"ಭಾವ, ಅಕ್ಕನ ಮುಖ ನೋಡಿ ಇಷ್ಟಪಟ್ರಾ?"

"ಹೌದು."

"ಹಾಗಾದ್ರೆ ನಂದೂ ಚೆನ್ನಾಗೇ ಇರಬೇಕು ಬಿಡಿ."

ಅವಳು ನೀರು ಸರಬರಾಜು ಕಚೇರಿಯಲ್ಲಿ ಸೋರಿಕೆ ಕೇಳುವವಳು. ಹಾಗೊಂದು ಕೆಲಸ ಇದೆಯೆಂದು ನನಗೂ ಮುಂಚೆ ಗೊತ್ತಿರಲಿಲ್ಲ. ಬಸ್ಸುಗಳ ಓಡಾಟ ಶುರುವಾಗುವ ಮುಂಚೆ, ಬೆಳಗಿನ ಜಾವದಲ್ಲಿ, ಉದ್ದನೆಯ ಉಕ್ಕಿನ ಸರಳೊಂದನ್ನು ರಸ್ತೆಯಲ್ಲಿರುವ ನೀರಿನ ಕವಾಟದ, ಎಂದರೆ ವಾಲ್ವಿನ, ಮೇಲೆ ಊರಿ, ಅದರ ಮೇಲ್ತುದಿಯ ಬಟ್ಟಲಿಗೆ ಕಿವಿ ಕೊಟ್ಟು ನಿಲ್ಲುತ್ತಾಳೆ. ನೆಲದಡಿಯ ಪೈಪು ಎಲ್ಲಾದರೂ ಸೀಳಿದ್ದರೆ ಅದರ ಸಿಳ್ಳು ಸರಳಿನಲ್ಲಿ ಏರಿಬರುತ್ತದೆ. "ಇಲ್ಲಿ ಅಗೀರಿ" ಎನ್ನುತ್ತಾಳೆ, ಅಗೆಯುವವರು ಅಗೆಯುತ್ತಾರೆ. ಯಾವಾಗಲೂ ಸರಿಯಾಗುತ್ತದೆ ಎಂದೇನಿಲ್ಲ. ಒಮ್ಮೆ ಬ್ರೆಡ್ಡಿನ ಅಂಗಡಿಯ ಮುಂದೆ ಆಳುದ್ದ ಗುಂಡಿ ತೋಡಿಸಿದಳು. ಅವಳು ಕೇಳಿಸಿಕೊಂಡದ್ದು ಅಂಗಡಿಯ ಹಳೆಯ ಫ್ರಿಜ್ಜಿನ ಗೊರಗೊರ. ಅಂಗಡಿಯವನು ಈಗಲೂ ಅವಳನ್ನು ಕಂಡರೆ ಫ್ರಿಜ್ಜಿನ ಬಾಗಿಲು ಮುಚ್ಚುತ್ತಾನೆ.

ಇಷ್ಟೆಲ್ಲ ಕೇಳುವವಳಿಗೆ ತನ್ನ ಬಗ್ಗೆಯೇ ಒಂದು ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ. ಒಂದೇ ಹೊಟ್ಟೆಯಲ್ಲಿ, ಒಂದೇ ದಿನ ಹುಟ್ಟಿದ ಇಬ್ಬರಲ್ಲಿ ಒಬ್ಬಳಿಗೆ ಕಣ್ಣಿದೆ, ಇನ್ನೊಬ್ಬಳಿಗೆ ಇಲ್ಲ. ಯಾಕೆ? ಅವಳ ಅಮ್ಮ ಹೇಳುತ್ತಿದ್ದುದು ಇಷ್ಟೇ: "ನೀವಿಬ್ಬರೂ ದಿನ ತುಂಬೋ ಮುಂಚೆ ಬಂದ್ರಿ. ಅಕ್ಕ ಸ್ವಲ್ಪ ಗಟ್ಟಿ ಇದ್ದಳು, ಎದೆ ಮೇಲೆ ಹಾಕ್ಕೊಂಡೆ. ನೀನು ಅಂಗೈಯಗಲ ಇದ್ದೆ. ಗಾಜಿನ ಪೆಟ್ಟಿಗೇಲಿ ಇಟ್ಟು ಗಾಳಿ ಕೊಟ್ಟು ಉಳಿಸಿದ್ರು. ಆ ಪೆಟ್ಟಿಗೆಗೆ ದಿನಾ ಕೈ ಮುಗೀಬೇಕು." ಕಣ್ಣಿನ ಮಾತು ಬಂದರೆ ಅಪ್ಪ "ಹಣೆಬರಹ" ಎಂದು ಮುಗಿಸುತ್ತಿದ್ದರು. ಯಾಕಮ್ಮ ಬಿಡುತ್ತಿರಲಿಲ್ಲ. "ಇಬ್ಬರ ಹಣೇನೂ ಒಂದೇ ಥರ ಅಂತೀರಾ, ಬರಹ ಮಾತ್ರ ಹೇಗೆ ಬೇರೆ ಆಯ್ತು?" ಅಪ್ಪ, ಅಮ್ಮ ಇಬ್ಬರೂ ಹೋದರು. ಪ್ರಶ್ನೆ ಹಾಗೇ ಉಳಿಯಿತು.

ನನ್ನ ಮಗಳು ಗಡುವಿಗೆ ತುಂಬ ಮುಂಚೆ ಹೆತ್ತದ್ದು ಎರಡು ವರ್ಷದ ಹಿಂದೆ, ಚಳಿಗಾಲದಲ್ಲಿ. ನಾನು ಬಾಡಿಗೆ ಕಾರು ಓಡಿಸುವವನು. ಎಷ್ಟೋ ಗರ್ಭಿಣಿಯರನ್ನು ಆಸ್ಪತ್ರೆಗೆ ಮುಟ್ಟಿಸಿದವನು. ಅವತ್ತು ಮಗಳನ್ನು ಕೂರಿಸಿಕೊಂಡಾಗ ಮಾತ್ರ ನನ್ನ ಕೈಗೆ ಗೇರು ಸಿಗಲಿಲ್ಲ. ಗಂಡು ಮಗು. ದಾದಿ ಎತ್ತಿಕೊಂಡು ಓಡುವಾಗ ಬಟ್ಟೆಯೊಳಗೆ ಮಗು ಇದೆಯೋ ಇಲ್ಲವೋ ಅನ್ನುವಷ್ಟು ಸಣ್ಣದು. ಪೆಟ್ಟಿಗೆಯಲ್ಲಿ ಮಲಗಿಸಿ, ಮೂಗಿಗೆ ಕೊಳವೆ ಹಾಕಿ, ಪಾದಕ್ಕೆ ಒಂದು ಯಂತ್ರದ ಕೆಂಪು ದೀಪದ ಪಟ್ಟಿ ಕಟ್ಟಿದರು. ನನಗೆ ಮಕ್ಕಳ ವಾರ್ಡಿನ ಗಾಜಿನ ಗೋಡೆಯ ಆಚೆ ನಿಲ್ಲುವ ಅಪ್ಪಣೆ ಮಾತ್ರ. ಒಳಗೆ ಹೆಂಗಸರು ಮಾತ್ರ, ಒಂದು ಸಲಕ್ಕೆ ಇಬ್ಬರು, ಕೈ ತೊಳೆದು ಹೋಗಬಹುದಿತ್ತು.

ಮೊದಲ ಸಲ ಒಳಗೆ ಹೋಗಿಬಂದ ಯಾಕಮ್ಮ ಹೊರಗೆ ಬಂದವಳೇ ನನ್ನ ತೋಳು ಹಿಡಿದಳು. "ಭಾವ, ಅಲ್ಲಿರೋ ಯಂತ್ರ ಒಂದೇ ಸ್ವರ ಹೊಡೆಯಲ್ಲ. ಒಂದು ಸಲ ಸ್ವರ ಇಳೀತು, ದಾದಿ ಬಂದು ಏನೋ ಮಾಡಿದ ಮೇಲೆ ಮತ್ತೆ ಏರಿತು. ಯಾಕೆ?"

ನನಗೆಲ್ಲಿ ಗೊತ್ತು. ವಾರ್ಡಿನ ಹಿರಿಯ ದಾದಿಯನ್ನೇ ಕೇಳಿದಳು. ಆಕೆ ನಕ್ಕು ಹೇಳಿದಳು: "ಅದನ್ನ ಹಾಗೇ ಮಾಡಿರೋದಮ್ಮ. ರಕ್ತದಲ್ಲಿ ಆಕ್ಸಿಜನ್ ಕಮ್ಮಿಯಾದ್ರೆ ಸ್ವರ ಕೆಳಗಿಳಿಯುತ್ತೆ, ಹೆಚ್ಚಾದ್ರೆ ಮೇಲಕ್ಕೆ ಹೋಗುತ್ತೆ. ಬೆನ್ನು ತಿರುಗಿಸಿ ಕೆಲಸ ಮಾಡ್ತಿದ್ರೂ ನಮಗೆ ಗೊತ್ತಾಗಲಿ ಅಂತ." ಯಾಕಮ್ಮನ ಮುಖ ಅರಳಿತು. ಅಂದಿನಿಂದ ಪೆಟ್ಟಿಗೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತು, ಕಿಂಡಿಯೊಳಗೆ ಬೆರಳು ತೂರಿಸಿ ಮಗುವಿನ ಮುಷ್ಟಿಗೆ ಕೊಟ್ಟು, ಆ ಸ್ವರ ಕೇಳುತ್ತ ಕೂರುವುದು ಅವಳ ಸಂಜೆಯ ಕೆಲಸವಾಯಿತು. "ಇವತ್ತು ನಿಮ್ಮ ಮೊಮ್ಮಗ ಒಳ್ಳೇ ಶ್ರುತೀಲಿದಾನೆ" ಎಂದು ಬಂದು ಹೇಳುತ್ತಿದ್ದಳು.

ಒಂದು ತಿಂಗಳಾಗುತ್ತ ಬಂದಾಗ ಮಕ್ಕಳ ಡಾಕ್ಟರು ಕಣ್ಣಿನ ಪರೀಕ್ಷೆ ಆಗಬೇಕೆಂದರು. ನಮಗೆ ಅಚ್ಚರಿ. ಉಸಿರಾಡುವುದಕ್ಕೇ ಹೆಣಗುವ ಮಗುವಿಗೆ ಕಣ್ಣಿನ ಪರೀಕ್ಷೆಯೇ? ನನ್ನ ಹೆಂಡತಿ "ಮೊದಲು ತೂಕ ಬರಲಿ, ಆಮೇಲೆ ನೋಡೋಣ" ಅಂದಳು. ಡಾಕ್ಟರು ಒಪ್ಪಲಿಲ್ಲ. "ಇದಕ್ಕೆ ಆಮೇಲೆ ಅನ್ನೋದು ಇಲ್ಲಮ್ಮ. ಈಗಲೇ."

ಕಣ್ಣಿನ ಡಾಕ್ಟರಮ್ಮ ವಾರಕ್ಕೊಮ್ಮೆ ಬರುವವರು. ಹಣೆಗೆ ದೀಪ ಕಟ್ಟಿಕೊಂಡು, ಕೈಯಲ್ಲಿ ಭೂತಗನ್ನಡಿ ಹಿಡಿದು, ಮಗುವಿನ ರೆಪ್ಪೆಗಳನ್ನು ಸಣ್ಣ ತಂತಿಯ ಕೊಕ್ಕೆಯಿಂದ ಅಗಲಿಸಿ ನೋಡುತ್ತಾರೆ ಎಂದು ಕೇಳಿಯೇ ಮಗಳು ಕಾರಿಡಾರಿನ ಬೆಂಚಿಗೆ ಹೋಗಿ ಕೂತಳು. "ನನ್ನಿಂದ ನೋಡೋಕಾಗಲ್ಲ" ಅಂದಳು. ನನ್ನ ಹೆಂಡತಿಯೂ ಹಿಂದೆ ಸರಿದಳು. ಯಾಕಮ್ಮ ತೋಳು ಮೇಲೆ ಸರಿಸಿ ಕೈ ತೊಳೆಯಲು ಹೊರಟಳು.

"ನಾನು ಹೋಗ್ತೀನಿ. ನನಗೆ ನೋಡೋ ಕಷ್ಟ ಇಲ್ವಲ್ಲ."

ಒಳಗೆ ನಡೆದದ್ದನ್ನು ನಾನು ಗಾಜಿನಾಚೆಯಿಂದ ಕಂಡೆ. ಮಗುವನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದರು. ನಾಲಿಗೆಗೆ ಸಕ್ಕರೆ ನೀರು ಮುಟ್ಟಿಸಿದರು. ಯಾಕಮ್ಮ ಅದರ ತಲೆಯನ್ನು ಎರಡೂ ಅಂಗೈಗಳ ನಡುವೆ ಹಿಡಿದಿದ್ದಳು. ಮಗುವಿನ ಬಾಯಿ ಅಳುತ್ತಿತ್ತು. ಅವಳ ಬಾಯಿ ಆಡುತ್ತಲೇ ಇತ್ತು. ಡಾಕ್ಟರಮ್ಮ ಮುಗಿಸಿ ದೀಪ ಬಿಚ್ಚುವಷ್ಟರಲ್ಲಿ ಅವಳ ಪ್ರಶ್ನೆಗಳು ಶುರುವಾಗಿದ್ದವು. ಅವರು ಹೊರಗೆ ಬಂದು, ಕಾರಿಡಾರಿನ ಬೆಂಚಿನ ಮೇಲೆ ನಮ್ಮೆಲ್ಲರ ಮಧ್ಯೆ ಕುಳಿತೇ ಉತ್ತರ ಹೇಳಬೇಕಾಯಿತು.

"ಕಣ್ಣಿನ ಹಿಂದೆ ಒಂದು ಪರದೆ ಇದೆ. ಅದಕ್ಕೆ ರಕ್ತ ಒಯ್ಯೋ ನಾಳಗಳು ನಡುವಿನಿಂದ ಹೊರಟು ಬಳ್ಳಿ ಥರ ಅಂಚಿಗೆ ಹಬ್ಬಬೇಕು. ಅದು ಮುಗಿಯೋದು ತಾಯಿ ಹೊಟ್ಟೇಲಿ, ಕೊನೆ ತಿಂಗಳಲ್ಲಿ. ಮಗು ಮುಂಚೆ ಬಂದ್ರೆ ಬಳ್ಳಿ ಅರ್ಧ ದಾರೀಲಿ ಇರುತ್ತೆ."

"ಹೊರಗೆ ಬಂದ ಮೇಲೆ ಬೆಳೆಯೋಕೇನು ಅಡ್ಡಿ?"

"ಹೊಟ್ಟೆಯೊಳಗೆ ಆಕ್ಸಿಜನ್ ಕಮ್ಮಿ. ಆ ಕೊರತೆಯೇ ನಾಳ ಬೆಳೆಯೋಕೆ ಕಾರಣ. ಹೊರಗೆ ಗಾಳಿ ಇದೆ, ಮೇಲಿಂದ ನಾವು ಬೇರೆ ಕೊಡ್ತೀವಿ. ಹೆಚ್ಚಾದ್ರೆ ಬಳ್ಳಿ ಬೆಳೆಯೋದನ್ನ ನಿಲ್ಲಿಸುತ್ತೆ, ಇದ್ದದ್ದೂ ಮುದುಡುತ್ತೆ. ಆಮೇಲೆ ಪರದೆ ಬೆಳೆದು ಹಸಿವಾದಾಗ ರಕ್ತ ಬೇಕು ಅಂತ ಕೂಗುತ್ತೆ. ಆಗ ಕಂಡಕಂಡಲ್ಲಿ ಕಾಡು ನಾಳ ಹುಟ್ಟಿಕೊಳ್ಳುತ್ತವೆ. ಅವು ಸೋರ್ತವೆ, ಗಂಟು ಕಟ್ಟುತ್ತವೆ, ಪರದೆಯನ್ನೇ ಕಿತ್ತು ಎಳೀತವೆ."

ಯಾಕಮ್ಮ ಹೇಳಿದಳು: "ಹೊಸ ಬಡಾವಣೆ ಥರ ಅನ್ನಿ. ಟ್ಯಾಂಕರ್ ನೀರು ಧಾರಾಳವಾಗಿ ಬಂದ್ರೆ ಪೈಪು ಎಳೆಯೋ ಕೆಲಸ ನಿಂತುಬಿಡುತ್ತೆ. ಮನೆ ಜಾಸ್ತಿಯಾಗಿ ನೀರು ಸಾಲದೆ ಹೋದಾಗ ಜನ ರಾತ್ರೋರಾತ್ರಿ ಕಳ್ಳ ಕನೆಕ್ಷನ್ ಹಾಕ್ತಾರೆ. ಎಲ್ಲಾ ಸೋರುತ್ತೆ."

ಡಾಕ್ಟರಮ್ಮ ಜೋರಾಗಿ ನಕ್ಕರು. "ಪೂರ್ತಿ ಸರಿ ಅಂತ ಹೇಳಲ್ಲ, ಆಕ್ಸಿಜನ್ ಒಂದೇ ಕಾರಣ ಅಲ್ಲ. ಎಷ್ಟು ಮುಂಚೆ ಹುಟ್ಟಿತು, ತೂಕ ಹೇಗೆ ಏರ್ತಿದೆ, ಸೋಂಕಾಯ್ತಾ, ಎಲ್ಲಾ ಸೇರುತ್ತೆ. ಆದ್ರೂ ಇದನ್ನ ನಾನು ಬೇರೆ ತಾಯಂದಿರಿಗೂ ಹೇಳ್ತೀನಿ."

ನಕ್ಕವರು ಆಗಲೇ ಯಾಕಮ್ಮನ ಮುಖವನ್ನು ಸರಿಯಾಗಿ ನೋಡಿದ್ದು ಅಂತ ಕಾಣುತ್ತದೆ. ನಗು ನಿಂತಿತು. "ನಿಮಗೆ ಯಾವಾಗಿಂದ ಕಾಣಲ್ಲ?"

"ಹುಟ್ಟಿದಾಗಿಂದ ಅಂತಾರೆ. ನಾನೂ ಮುಂಚೆ ಬಂದವಳೇ. ನಾನೂ ಪೆಟ್ಟಿಗೇಲಿದ್ದೆ."

ಡಾಕ್ಟರಮ್ಮ ಅಲ್ಲಿಯೇ, ಬೆಂಚಿನ ಮೇಲೆ, ಅವಳ ರೆಪ್ಪೆ ಎತ್ತಿ ದೀಪ ಹಿಡಿದು ನೋಡಿದರು. ಮಸೂರದ ಹಿಂದೆ ಬಿಳಿ ಗಾಯದ ಪೊರೆ ಗಟ್ಟಿಯಾಗಿ ಕೂತಿದೆಯೆಂದರು. "ಇಷ್ಟು ವರ್ಷದ ಮೇಲೆ ಆಣೆ ಮಾಡಿ ಹೇಳೋಕಾಗಲ್ಲ. ಆದ್ರೆ ಅದೇ ಇರಬೇಕು. ಆಗ ನಮ್ಮಲ್ಲಿ ಎಷ್ಟೋ ಕಡೆ ಅಳತೆ ಮಾಡೋ ಯಂತ್ರಾನೇ ಇರಲಿಲ್ಲ."

ನನ್ನ ಹೆಂಡತಿ ತಂಗಿಯ ಕೈ ಹಿಡಿದುಕೊಂಡಳು. ಯಾಕಮ್ಮನ ಮುಖದಲ್ಲಿ ದುಃಖ ಕಾಣುತ್ತದೇನೋ ಎಂದು ನಾನು ನೋಡಿದೆ. ಅಲ್ಲಿದ್ದದ್ದು ಬೇರೆ. ಸರಳಿಗೆ ಕಿವಿ ಕೊಟ್ಟಾಗ ಅವಳ ಹುಬ್ಬು ಹೇಗೆ ಕೂಡುತ್ತದೆಯೋ ಹಾಗೆ ಕೂಡಿತ್ತು. "ಅಂದ್ರೆ ಹುಟ್ಟಿದಾಗ ನನ್ನ ಕಣ್ಣು ಹಾಳಾಗಿರಲಿಲ್ಲ?"

"ಇಲ್ಲ. ಇದು ಆಮೇಲೆ, ವಾರಗಟ್ಟಲೆ ಆಗೋದು."

ಮಗುವಿನ ಕಣ್ಣಿನಲ್ಲಿ ಬಳ್ಳಿ ಅರ್ಧಕ್ಕೇ ನಿಂತಿದೆ, ವಾರ ಬಿಟ್ಟು ಮತ್ತೆ ನೋಡಬೇಕು ಎಂದು ಹೇಳಿ ಡಾಕ್ಟರಮ್ಮ ಹೊರಟರು.

ಮನೆಗೆ ಹೋಗುವಾಗ ಯಾಕಮ್ಮ ಕಾರಿನಲ್ಲಿ ಒಂದೂ ಮಾತಾಡಲಿಲ್ಲ. ಅವಳು ಸುಮ್ಮನಿದ್ದರೆ ನನಗೆ ಗಾಡಿಯ ಇಂಜಿನ್ ಕೆಟ್ಟಂತೆ ಅನ್ನಿಸುತ್ತದೆ. ಮನೆಯ ತಿರುವಿನಲ್ಲಿ ಕೇಳಿದಳು: "ಭಾವ, ಆವತ್ತಿನ ದಾದಿ ಯಾರಾದ್ರೂ ಬದುಕಿರಬಹುದಾ?"

ಹುಡುಕುವುದು ನಾನಂದುಕೊಂಡಷ್ಟು ಕಷ್ಟವಾಗಲಿಲ್ಲ. ಕಾರು ಓಡಿಸುವವರಿಗೆ ಊರಿನ ಅರ್ಧ ಜನರ ವಿಳಾಸ ಗೊತ್ತಿರುತ್ತದೆ, ಇನ್ನರ್ಧ ಇನ್ನೊಬ್ಬ ಡ್ರೈವರಿಗೆ ಗೊತ್ತಿರುತ್ತದೆ. ಅವಳಿಗಳು ಹುಟ್ಟಿದ ಹಳೆಯ ಹೆರಿಗೆ ಆಸ್ಪತ್ರೆಯಲ್ಲಿ ಆ ಕಾಲದಲ್ಲಿ ಮಕ್ಕಳ ಕೋಣೆ ನೋಡಿಕೊಳ್ಳುತ್ತಿದ್ದವರು ಒಬ್ಬರೇ. ಈಗ ನಿವೃತ್ತರಾಗಿ, ಬಟ್ಟೆ ಇಸ್ತ್ರಿ ಮಾಡುವ ಅಂಗಡಿಯ ಮೇಲಿನ ಮಹಡಿಯಲ್ಲಿ ತಂಗಿಯ ಮಗಳ ಜೊತೆ ಇದ್ದರು. ನಾನು, ನನ್ನ ಹೆಂಡತಿ, ಯಾಕಮ್ಮ ಮೂವರೂ ಹೋದೆವು.

ಕೋಣೆಗೆಲ್ಲ ಕೆಳಗಿನಿಂದ ಬರುವ ಬಿಸಿ ಬಟ್ಟೆಯ ವಾಸನೆ. ಹಳೆಯ ದಾದಿ ಕಿಟಕಿಯ ಹತ್ತಿರ ಕುಳಿತು ಬಟಾಣಿ ಸುಲಿಯುತ್ತಿದ್ದರು. ನಾವು ಯಾರೆಂದು ಹೇಳಿದ ಕೂಡಲೇ ಅವರ ಕೈ ನಿಂತಿತು. ಯಾಕಮ್ಮನ ಮುಖ ನೋಡಿದರು, ಅವಳ ಅಕ್ಕನ ಮುಖ ನೋಡಿದರು.

"ಅವಳಿ. ಒಂದು ಎದೆಗೆ, ಒಂದು ಪೆಟ್ಟಿಗೆಗೆ" ಅಂದರು. ಆಮೇಲೆ ಮೆಲ್ಲಗೆ, "ಬೈಯೋಕೆ ಬಂದ್ರಾ?"

"ಇಲ್ಲಮ್ಮ, ಕೇಳೋಕೆ ಬಂದೆ" ಎಂದಳು ಯಾಕಮ್ಮ. "ಹೇಗಿತ್ತು ಹೇಳಿ."

ಹಳೆಯ ದಾದಿಗೆ ನಂಬಿಕೆ ಬರಲಿಲ್ಲ ಅಂತ ಕಾಣುತ್ತದೆ. ಬಟಾಣಿಯ ತಟ್ಟೆ ಪಕ್ಕಕ್ಕಿಟ್ಟು, ಮಡಿಲು ಕೊಡವಿ ಶುರುಮಾಡಿದರು.

"ನೀನು ನೀಲಿಯಾಗಿದ್ದೆ. ತುಟಿ, ಉಗುರು, ಎಲ್ಲಾ ನೀಲಿ. ನಮ್ಮ ಹತ್ರ ಇದ್ದದ್ದು ಒಂದೇ ಪೆಟ್ಟಿಗೆ, ಒಂದು ಸಿಲಿಂಡರು. ಕೀಲಿ ತಿರುಗಿಸಿ ಗಾಳಿ ಬಿಟ್ಟೆ. ನೋಡ್ತಾ ನೋಡ್ತಾ ನೀನು ಗುಲಾಬಿ ಬಣ್ಣಕ್ಕೆ ತಿರುಗಿದೆ. ನನಗೆ ಆಗ ಇಪ್ಪತ್ತರ ಪ್ರಾಯ, ಅಂಥ ಖುಷಿ ಮತ್ತೆ ಯಾವತ್ತೂ ಆಗಿಲ್ಲ. ಗುಲಾಬಿಯಾದಷ್ಟೂ ಒಳ್ಳೇದು ಅಂತ ನಮಗೆ ಹೇಳಿಕೊಟ್ಟಿದ್ದು. ಎಷ್ಟು ಹೋಗ್ತಿದೆ, ರಕ್ತದಲ್ಲಿ ಎಷ್ಟಿದೆ ಅಂತ ತಿಳಿಯೋಕೆ ನಮಗೆ ಕಣ್ಣು ಬಿಟ್ರೆ ಬೇರೇನೂ ಇರಲಿಲ್ಲ. ಸ್ವಲ್ಪ ತಿರುಗಿಸಿ ಕಮ್ಮಿ ಮಾಡಿದ್ರೆ ಮತ್ತೆ ನೀಲಿಯಾಗ್ತಿದ್ದೆ. ಹೆದರಿ ಮತ್ತೆ ಬಿಡ್ತಿದ್ದೆ."

"ಗಾಳಿ ಬರೋವಾಗ ಸದ್ದು ಹೇಗಿತ್ತು?"

ಆ ಪ್ರಶ್ನೆಗೆ ಅವರು ತಯಾರಿರಲಿಲ್ಲ. ಕಣ್ಣು ಮುಚ್ಚಿ ನೆನಪಿಸಿಕೊಂಡು, ಹಲ್ಲಿನ ಸಂದಿಯಿಂದ "ಸ್‌ಸ್‌ಸ್" ಎಂದು ಉಸಿರು ಬಿಟ್ಟು ತೋರಿಸಿದರು. ಯಾಕಮ್ಮ ತಲೆ ವಾಲಿಸಿ ಕೇಳಿ, "ಇನ್ನೊಂದು ಸಲ" ಎಂದಳು. ಹಳೆಯ ದಾದಿ ಇನ್ನೊಂದು ಸಲ ಮಾಡಿದರು. ಇಬ್ಬರಿಗೂ ನಗು ಬಂತು.

"ಕಮ್ಮಿ ಮಾಡಿಯೇ ಇಟ್ಟಿದ್ರೆ ನಾನು ಸಾಯ್ತಿದ್ನಾ?"

"ಸಾಯ್ತಿದ್ದೆಯೋ ಏನೋ. ಬದುಕ್ತಿದ್ದೆಯೋ ಏನೋ. ದೊಡ್ಡ ದೊಡ್ಡ ಊರುಗಳಲ್ಲಿ ಕಣ್ಣು ಹೋಗುತ್ತೆ ಅಂತ ಗೊತ್ತಾದ ಮೇಲೆ ಗಾಳೀನ ತೀರಾ ಕಮ್ಮಿ ಮಾಡಿಬಿಟ್ರಂತೆ. ಕಣ್ಣು ಉಳೀತು, ಮಕ್ಕಳು ಸತ್ತರು. ಎಷ್ಟೋ ವರ್ಷದ ಮೇಲೆ ಯಾರೋ ಡಾಕ್ಟರು ಇದನ್ನ ಹೇಳಿದಾಗ ನನಗೆ ನಿನ್ನ ನೆನಪೇ ಬಂತು. ಎಷ್ಟಿರಬೇಕಿತ್ತು ಅನ್ನೋದು ನನಗೆ ಇವತ್ತಿಗೂ ಗೊತ್ತಿಲ್ಲ ಕಣಮ್ಮ."

ಯಾಕಮ್ಮ ಸ್ವಲ್ಪ ಮುಂದೆ ಬಾಗಿದಳು. ಅವಳು ನಿಜವಾಗಿ ಕೇಳಲು ಬಂದದ್ದು ಇದನ್ನೇ ಎಂದು ನನಗೆ ಆಗ ತಿಳಿಯಿತು.

"ನನ್ನ ಕಣ್ಣು ಹೋಗೋಕೆ ಕೆಲವು ವಾರ ಬೇಕಾಯ್ತಂತೆ. ಅಷ್ಟು ದಿನ ಏನಾದ್ರೂ ಕಂಡಿರುತ್ತೆ ಅಲ್ವಾ? ಆ ಪೆಟ್ಟಿಗೆ ಮೇಲೆ ಏನಿತ್ತು?"

ಕೆಳಗೆ ಇಸ್ತ್ರಿಯ ಮೇಜು ಕಿರುಗುಟ್ಟಿತು. ಹಳೆಯ ದಾದಿ ಯೋಚಿಸಿದರು. "ಒಂದು ಬಲ್ಬಿತ್ತು. ಬೆಚ್ಚಗಿರಲಿ ಅಂತ. ಹಳದಿ ಬೆಳಕು. ಹಗಲೂ ರಾತ್ರಿ ಉರೀತಿತ್ತು. ಅದರ ಕಡೆ ನೀನು ಮುಖ ತಿರುಗಿಸಿದ್ದನ್ನ ನಾನು ನೋಡಿದೀನಿ."

"ಹಾಗಾದ್ರೆ ನಾನು ಒಂದು ಬಲ್ಬು ನೋಡಿದೀನಿ" ಎಂದಳು ಯಾಕಮ್ಮ. ಅದನ್ನು ಹೇಳಿದ ರೀತಿ ಹೇಗಿತ್ತೆಂದರೆ, ಯಾರೋ ದೂರದ ದೇಶ ಸುತ್ತಿ ಬಂದೆ ಎಂದಂತೆ. ಹಳೆಯ ದಾದಿ ಮುಖ ಮುಚ್ಚಿಕೊಂಡು ಅತ್ತರು. ಯಾಕಮ್ಮ ಅವರ ಮಂಡಿ ತಟ್ಟುತ್ತ ಪಕ್ಕದ ತಟ್ಟೆಯಿಂದ ಬಟಾಣಿ ತೆಗೆದು ಸುಲಿಯತೊಡಗಿದಳು.

ಅವಳಿಗೇನೋ ಎದೆ ಹಗುರವಾಯಿತು. ಆದರೆ ಅಲ್ಲಿ ಕೇಳಿದ ಮಾತು ನನ್ನ ಹೆಂಡತಿಯ ತಲೆಯಿಂದ ಹೋಗಲೇ ಇಲ್ಲ. ಗಾಳಿಯೇ ತಂಗಿಯ ಕಣ್ಣು ತಿಂದಿತು; ಅದೇ ಗಾಳಿ ಈಗ ಮೊಮ್ಮಗನ ಮೂಗಿಗೆ ಹೋಗುತ್ತಿದೆ. ಮರುದಿನ ಸಂಜೆ ಇಬ್ಬರೂ ವಾರ್ಡಿನೊಳಗೆ ಹೋದರು. ನಾನು ಗಾಜಿನಾಚೆ ನಿಂತಿದ್ದೆ. ಪಕ್ಕದ ಪೆಟ್ಟಿಗೆಯ ಮಗುವಿಗೆ ಹಾಲು ಕುಡಿಸಲು ದಾದಿ ಬೆನ್ನು ತಿರುಗಿಸಿದಳು. ನನ್ನ ಹೆಂಡತಿ ಗೋಡೆಯ ಕಡೆ ಸರಿದು, ಗಾಳಿ ಹೆಚ್ಚುಕಡಿಮೆ ಮಾಡುವ ಕೀಲಿಗೆ ಕೈ ಹಾಕಿ ತಿರುಗಿಸಿದ್ದು ನನಗೆ ಕಂಡಿತು. ನಾನು ಗಾಜು ಬಡಿದೆ. ಯಾರಿಗೂ ಕೇಳಿಸಲಿಲ್ಲ.

ಒಳಗಿನ ಕಥೆ ಯಾಕಮ್ಮ ಆಮೇಲೆ ಹೇಳಿದ್ದು. ಯಂತ್ರದ ಸ್ವರ ಮೊದಲು ಒಂದು ಮೆಟ್ಟಿಲು ಇಳಿಯಿತಂತೆ, ಮತ್ತೆ ಒಂದು. "ಅಕ್ಕ, ಏನ್ ಮಾಡ್ದೆ?" ಎಂದು ಕೇಳಿದಳಂತೆ. ಅಕ್ಕ ಗಂಟಲು ಸರಿಮಾಡಿಕೊಂಡು "ಏನಿಲ್ಲ" ಅಂದಳಂತೆ. ಸ್ವರ ಇಳಿಯುತ್ತಲೇ ಇತ್ತು. ಯಾಕಮ್ಮನ ಬೆರಳು ಹಿಡಿದಿದ್ದ ಮಗುವಿನ ಮುಷ್ಟಿ ಸಡಿಲವಾಯಿತು. ಅಷ್ಟರಲ್ಲಿ ಕೆಂಪು ದೀಪ ಮಿನುಗಿ ಗಂಟೆ ಹೊಡೆಯಿತು, ಹಿರಿಯ ದಾದಿ ಓಡಿಬಂದು ಕೀಲಿಯನ್ನು ಸರಿಮಾಡಿ ಮಗುವಿನ ಬೆನ್ನು ಉಜ್ಜಿದಳು. ಸ್ವರ ಒಂದೊಂದೇ ಮೆಟ್ಟಿಲು ಏರಿತು. ನನ್ನ ಹೆಂಡತಿ ಗೋಡೆಗೆ ಒರಗಿ ನಿಂತಿದ್ದಳು.

ಹಿರಿಯ ದಾದಿ ಅವಳನ್ನು ಹೊರಗೆ ಕರೆತಂದು, ಕೂಗಾಡದೆ, ಆದರೆ ಒಂದೊಂದು ಮಾತನ್ನೂ ಮೊಳೆ ಹೊಡೆದಂತೆ ಹೇಳಿದಳು. "ಅಲ್ಲಿ ಎರಡು ಗೆರೆ ಇದೆಯಮ್ಮ. ತೊಂಬತ್ತರ ಹತ್ರ ಒಂದು, ತೊಂಬತ್ತೈದರ ಹತ್ರ ಒಂದು. ಕೆಳಗಿಳಿದ್ರೂ ಗಂಟೆ, ಮೇಲೆ ಹೋದ್ರೂ ಗಂಟೆ. ಕೆಳಗೆ ಹೋದ್ರೆ ಜೀವಕ್ಕೆ ಕುತ್ತು, ಮೇಲೆ ಹೋದ್ರೆ ಕಣ್ಣಿಗೆ. ಇದರ ನಡುವೆ ಮಗೂನ ಇಟ್ಕೊಳ್ಳೋಕೆ ಹಗಲೂ ರಾತ್ರಿ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕೂತಿದೀವಿ. ನೀವು ಬಂದು ಕೀಲಿ ತಿರುಗಿಸ್ತೀರಾ?"

"ನನ್ನ ತಂಗಿ…" ಎಂದಳು ನನ್ನ ಹೆಂಡತಿ.

ಯಾಕಮ್ಮ ಅಕ್ಕನ ಪಕ್ಕ ಕುಳಿತು ಹೇಳಿದಳು: "ಅಕ್ಕ, ನನ್ನ ಕಣ್ಣು ತಿಂದಿದ್ದು ಗಾಳಿ ಅಲ್ಲ ಕಣೆ, ಅಳತೆ ಇಲ್ಲದೇ ಇದ್ದದ್ದು. ಇಲ್ಲಿ ಅಳತೆ ಇದೆ. ನಾನು ದಿನಾ ಕೇಳ್ತಿದೀನಿ." ಆಮೇಲೆ, "ನಾಳೆಯಿಂದ ನೀನೂ ಬಂದು ಕೇಳು. ನೋಡೋದು ಬೇಡ. ಕಣ್ಣು ಮುಚ್ಕೊಂಡು ಕೇಳು" ಎಂದಳು. ಕೆಲವು ದಿನ ನನ್ನ ಹೆಂಡತಿಯನ್ನು ಒಳಗೆ ಬಿಡಲಿಲ್ಲ. ಬಿಟ್ಟ ಮೇಲೆ ಅವಳು ಹಾಗೆಯೇ ಮಾಡಿದಳು.

ಇಷ್ಟೆಲ್ಲ ಅಳತೆಯಿದ್ದರೂ ರೋಗ ಬಂತು. ಎರಡನೇ ತಿಂಗಳು ತುಂಬುವ ಹೊತ್ತಿಗೆ ಡಾಕ್ಟರಮ್ಮ ಕಾಡು ನಾಳಗಳು ಎದ್ದಿವೆಯೆಂದರು. ತಡಮಾಡಿದರೆ ಪರದೆ ಕಳಚುತ್ತದೆ, ಎರಡು ದಿನದೊಳಗೆ ಲೇಸರ್ ಆಗಬೇಕು. ಯಾಕಮ್ಮನ ಮೊದಲ ಮಾತು, "ಇಷ್ಟು ಜೋಪಾನ ಮಾಡಿದ್ರೂ ಯಾಕೆ?"

"ಜೋಪಾನ ಮಾಡಿದ್ರೆ ಕಮ್ಮಿಯಾಗುತ್ತೆ, ಪೂರ್ತಿ ಹೋಗಲ್ಲ. ತುಂಬಾ ಮುಂಚೆ ಬಂದಿದಾನೆ. ಅದಕ್ಕೇ ಬಿಡದೆ ನೋಡೋದು. ನಿಮ್ಮ ಕಾಲದಲ್ಲಿ ನೋಡೋರೂ ಇರಲಿಲ್ಲ, ನೋಡಿದ್ರೂ ಮಾಡೋಕೆ ಏನೂ ಇರಲಿಲ್ಲ."

"ಲೇಸರಲ್ಲಿ ಏನು ಮಾಡ್ತೀರಿ?"

"ನಾಳ ತಲುಪದೇ ಇರೋ ಅಂಚನ್ನ ಸುಡ್ತೀವಿ. ಅದು ರಕ್ತ ಬೇಕು ಅಂತ ಕೂಗೋದು ನಿಲ್ಲುತ್ತೆ. ಆಗ ಕಾಡು ನಾಳ ಒಣಗುತ್ತೆ. ಪಕ್ಕದ ನೋಟ ಸ್ವಲ್ಪ ಹೋಗುತ್ತೆ, ನಡುವಿನದು ಉಳಿಯುತ್ತೆ ಅಂತ ಆಸೆ."

"ಅಂದ್ರೆ ಊರಂಚಿನ ಮನೆಗಳನ್ನ ಬಿಟ್ಟುಕೊಟ್ಟು ನಡುವಿನ ಪೇಟೆ ಉಳಿಸ್ಕೊಳ್ಳೋದು."

"ನಿಮ್ಮ ಜೊತೆ ಮಾತಾಡಿದ್ರೆ ನಾನು ನೀರಿನ ಆಫೀಸಿಗೆ ಸೇರಿಬಿಡ್ತೀನಿ ಅಷ್ಟೇ" ಎಂದರು ಡಾಕ್ಟರಮ್ಮ.

ಅಳಿಯ, ಮಗುವಿನ ಅಪ್ಪ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ. ಮಗುವನ್ನು ಒಳಗೆ ಒಯ್ದ ಮೇಲೆ ಕಾರಿಡಾರಿನ ಬೆಂಚಿನ ಮೇಲೆ ನಾವೆಲ್ಲ ಸಾಲಾಗಿ ಕೂತೆವು. ಮಗಳು ಚಿಕ್ಕಮ್ಮನ ಹೆಗಲಿಗೆ ತಲೆಯಿಟ್ಟು ಕೇಳಿದಳು: "ಚಿಕ್ಕಮ್ಮ, ಕಾಣದೇ ಇರೋದು ಹೇಗಿರುತ್ತೆ?" ಇಷ್ಟು ವರ್ಷ ಅವಳ ತೊಡೆಯ ಮೇಲೆ ಬೆಳೆದ ಹುಡುಗಿ ಆವತ್ತಿನವರೆಗೂ ಅದನ್ನು ಕೇಳಿರಲಿಲ್ಲ. ನಾವ್ಯಾರೂ ಕೇಳಿರಲಿಲ್ಲ.

ಯಾಕಮ್ಮ ಅವಳ ಮೊಣಕೈ ಮುಟ್ಟಿದಳು. "ನಿನ್ನ ಮೊಣಕೈಗೆ ಏನು ಕಾಣುತ್ತೆ?"

"ಏನೂ ಇಲ್ಲ."

"ಕತ್ತಲೆ ಕಾಣುತ್ತಾ?"

"ಇಲ್ಲ… ಮೊಣಕೈಗೆ ಕತ್ತಲೆ ಅಂತ ಇಲ್ಲ."

"ಹಾಂ, ಹಾಗೆ. ಜನ ಕತ್ತಲೆ ಅಂದ್ಕೊಂಡು ಅಯ್ಯೋ ಅಂತಾರೆ. ನನಗೆ ಕಷ್ಟ ಆಗೋದು ಬೇರೆ ವಿಷಯಕ್ಕೆ. ರಸ್ತೇಲಿ ಗುಂಡಿ ತೋಡಿ ಹಾಗೇ ಬಿಟ್ಟುಹೋಗೋರು, ಕೇಳಿದ್ದಕ್ಕೆ ತಲೆ ಆಡಿಸಿ ಉತ್ತರ ಕೊಡೋರು. ಆದ್ರೂ ಮಗೂಗೆ ಕಣ್ಣಿರಲಿ. ಇದ್ರೆ ಒಳ್ಳೇದು. ಇಲ್ಲದೇ ಹೋದ್ರೆ ನಾನಿದೀನಿ, ದಾರಿ ಗೊತ್ತು."

ಮಗಳು ಅಳುತ್ತಲೇ ತನ್ನ ಮೊಣಕೈ ನೋಡಿಕೊಂಡಳು. ನಾನೂ ಯಾರಿಗೂ ಕಾಣದಂತೆ ನನ್ನದನ್ನು ಮುಟ್ಟಿ ನೋಡಿಕೊಂಡೆ.

ಡಾಕ್ಟರಮ್ಮ ಬಂದು ಎರಡೂ ಕಣ್ಣಿಗೆ ಆಯಿತೆಂದರು, ಆದರೆ ಫಲ ಗೊತ್ತಾಗಲು ಕಾಯಬೇಕೆಂದರು. ಕಾದೆವು. ಮುಂದಿನ ವಾರ ಬಲಗಣ್ಣು ಶಾಂತವಾಗಿತ್ತು. ಎಡಗಣ್ಣಿನಲ್ಲಿ ಇನ್ನೂ ಕೆಂಪು. ಅದಕ್ಕೆ ಇನ್ನೊಮ್ಮೆ ಲೇಸರ್ ಹಾಕಿದರು. ಆಮೇಲೆ ಅದೂ ಇಳಿಯಿತು. ಮೂಗಿನ ಕೊಳವೆ ತೆಗೆದ ದಿನ ಯಾಕಮ್ಮನಿಗೆ ಒಂಥರಾ ಬೇಜಾರೇ ಆಯಿತು. ಯಂತ್ರವನ್ನೂ ತೆಗೆದಿದ್ದರು. "ಇನ್ನು ಅವನು ಹೇಗಿದಾನೆ ಅಂತ ತಿಳ್ಕೊಳ್ಳೋದು ಹೇಗೆ?" ಎಂದಳು. "ಅಳ್ತಾನೆ, ಬಿಡಿ" ಎಂದಳು ಹಿರಿಯ ದಾದಿ. ಅವನು ಅತ್ತ. ಬೀದಿಯ ಆ ತುದಿಗೆ ಕೇಳುವಂತೆ ಅತ್ತ.

ಈಗ ಹುಡುಗನಿಗೆ ಎರಡು ತುಂಬಿದೆ. ದಪ್ಪ ಗಾಜಿನ ಕನ್ನಡಕ, ತಲೆಯ ಹಿಂದೆ ಎಲಾಸ್ಟಿಕ್ ಪಟ್ಟಿ. ಎಡಗಣ್ಣು ಸ್ವಲ್ಪ ಮಂದ. ಅದು ಸೋಮಾರಿಯಾಗಬಾರದೆಂದು ದಿನಕ್ಕೆ ಒಂದಷ್ಟು ಹೊತ್ತು ಬಲಗಣ್ಣಿಗೆ ಅಂಟುಪಟ್ಟಿ ಹಾಕಬೇಕು. ಪಕ್ಕದಿಂದ ಬರುವ ಚೆಂಡು ಅವನಿಗೆ ಕಾಣುವುದಿಲ್ಲ, ಎದುರಿನಿಂದ ಬರುವುದು ಕಾಣುತ್ತದೆ. ನನ್ನ ಹೆಂಡತಿ ಇನ್ನೂ ತಿಂಗಳಿಗೊಮ್ಮೆ ಅವನ ಕಣ್ಣೆದುರು ಬೆರಳು ಆಡಿಸಿ ಪರೀಕ್ಷೆ ಮಾಡುತ್ತಾಳೆ. ಅವನು ಆ ಬೆರಳನ್ನು ಕಚ್ಚುತ್ತಾನೆ. ಯಾಕಮ್ಮ ಡಾಕ್ಟರಮ್ಮನ ಕೋರಿಕೆಯ ಮೇಲೆ ಬಿಡುವಾದಾಗ ಆ ವಾರ್ಡಿನ ಬೆಂಚಿನ ಮೇಲೆ ಹೊಸ ತಾಯಂದಿರ ಜೊತೆ ಕೂರುತ್ತಾಳೆ. ಕೆಲವರಿಗೆ ಅವಳ ಮುಖ ನೋಡಿದರೆ ಭಯ, ಕೆಲವರಿಗೆ ಧೈರ್ಯ. ಅವಳು ಎರಡೂ ಬಗೆಯವರಿಗೆ ಕಣ್ಣಿನ ಪರೀಕ್ಷೆ ತಪ್ಪಿಸಬೇಡಿ ಎಂದೇ ಹೇಳುತ್ತಾಳೆ.

ಹುಡುಗನಿಗೆ ಅಂಟುಪಟ್ಟಿ ಎಂದರೆ ಆಗದು. ಕಿತ್ತು ಎಲ್ಲಾದರೂ ಅಂಟಿಸುತ್ತಾನೆ: ಬಾಗಿಲಿಗೆ, ಬೆಕ್ಕಿಗೆ, ನನ್ನ ಕಾರಿನ ಕನ್ನಡಿಗೆ. ಮೊನ್ನೆ ಬೆಳಗಿನ ಜಾವ ಕೆಲಸಕ್ಕೆ ಹೊರಟಿದ್ದ ಚಿಕ್ಕಜ್ಜಿಯ ಮಡಿಲೇರಿ, ಅವಳ ಎಡಗಣ್ಣಿನ ಮೇಲೆ ಒತ್ತಿ ಒತ್ತಿ ಅಂಟಿಸಿದ. ಪಟ್ಟಿಯ ಮೇಲೆ ಆನೆಯ ಚಿತ್ರವಿತ್ತು. ಯಾಕಮ್ಮ ಬೆರಳಿನಿಂದ ಸವರಿ ನೋಡಿ, ತೆಗೆಯದೆ ಹಾಗೆಯೇ ಹೊರಟಳು. ಅಗೆಯುವವರಲ್ಲಿ ಒಬ್ಬ ಕೇಳಿದನಂತೆ, "ಯಾಕಮ್ಮ, ಕಣ್ಣಿಗೇನಾಯ್ತು?"

"ಡಾಕ್ಟರು ಬರೆದುಕೊಟ್ಟಿದಾರೆ" ಎಂದು ಹೇಳಿ ಅವಳು ಸರಳನ್ನು ಹಿಡಿದು ಮುಂದಿನ ಕವಾಟದ ಕಡೆಗೆ ನಡೆದಳು.